ಒರೆಸಿದರೆ ಹೋಗುವ ಬುದ್ಧ: ನನ್ನ ಅನುಭವ

ಮಣ್ಣಿನ ಗಾರೆಯ ಮೇಲೆ ಬುದ್ಧನನ್ನು ಬರೆಯಬೇಕು. ನೋಡಲು ಬಂದವರೇ ಒದ್ದೆ ಬಟ್ಟೆಯಿಂದ ಅವನನ್ನು ಒರೆಸಬೇಕು. ಆಕೃತಿ ಹೋಗಬೇಕು, ಆದರೆ ಕೂತಿದ್ದ ಪೀಠ, ಹಿಂದಿನ ಅರಳಿ ಮರ, ಮುಂದಿನ ಪಾದದ ಗುರುತು ಅಲುಗಬಾರದು. ಇದನ್ನು ಹೇಳಿದಾಗ ದಾವಣಗೆರೆಯ ನನ್ನ ಗೆಳೆಯರು ನಕ್ಕರು. "ನೀರು ಬಿದ್ರೆ ಗಾರೆನೇ ಕಿತ್ಕೊಂಡು ಬರುತ್ತೆ, ಬುದ್ಧ ಒಬ್ನೇ ಯಾಕೆ ಹೋಗ್ತಾನೆ?" ಅಂದರು. ಅಕ್ರಿಲಿಕ್‌ನಲ್ಲಿ ಮಾಡು ಅಂತ ಬುದ್ಧಿ ಹೇಳಿದರು. ಈಗ ಒರೆಸಿದ ಬೋರ್ಡುಗಳು ನನ್ನ ಮನೆಯ ಗೋಡೆಗೆ ಸಾಲಾಗಿ ಒರಗಿವೆ. ಒಂದರ ಗಾರೆಯೂ ಬಿದ್ದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಾಂಚಿ, ಭಾರ್ಹುತ್, ನಮ್ಮ ಸನ್ನತಿ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪಗಳ ಹಳೆಯ ಫಲಕಗಳನ್ನು ನೋಡಿದವರಿಗೆ, ಬುದ್ಧನ ಬದಲು ಕೆತ್ತಿದ ಖಾಲಿ ಪೀಠ ಹೊಸದಲ್ಲ. ಮನುಷ್ಯ ರೂಪದ ಬುದ್ಧ ಬಂದದ್ದು ಆಮೇಲೆ, ಗಾಂಧಾರ ಮತ್ತು ಮಥುರೆಯ ಶಿಲ್ಪಿಗಳ ಕಾಲಕ್ಕೆ. ನಾನು ಆ ದಾರಿಯನ್ನು ಹಿಂದಕ್ಕೆ ನಡೆಸುತ್ತಿದ್ದೇನೆ ಅಷ್ಟೇ. ಅನಿತ್ಯ, ಅಂದರೆ ಯಾವುದೂ ಉಳಿಯದು ಅನ್ನುವ ಬುದ್ಧನ ಮಾತನ್ನು ತೋರಿಸಲು ಬಾಡಿದ ಹೂವು, ಒಡೆದ ಮಡಕೆ ಬರೆಯುವುದು ನಮ್ಮಲ್ಲಿ ರೂಢಿ. ನಾನೂ ಬರೆದಿದ್ದೇನೆ, ಮಾರಿದ್ದೇನೆ. ವಿಷಯ ಅನಿತ್ಯ, ಬಣ್ಣಕ್ಕೆ ಮಾತ್ರ ಇಪ್ಪತ್ತು ವರ್ಷದ ಗ್ಯಾರಂಟಿ! ಅದು ನನಗೆ ಒಗ್ಗಲಿಲ್ಲ.

ಗಾರೆಗೆ ಅಜಂತಾದ ದಾರಿಯನ್ನೇ ಹಿಡಿದೆ. ಅಲ್ಲಿ ಬಂಡೆಯ ಮೇಲೆ ಮಣ್ಣು, ಭತ್ತದ ಹೊಟ್ಟು, ನಾರು ಕಲಸಿ ಮೆತ್ತಿದ್ದಾರೆ. ಅದರ ಮೇಲೆ ತೆಳ್ಳಗೆ ಸುಣ್ಣ. ಒಣಗಿದ ಮೇಲೆ ಬಣ್ಣ. ಭದ್ರಾ ನಾಲೆಯ ಭತ್ತ ಬರುವ ಊರಿನಲ್ಲಿ ಹೊಟ್ಟಿಗೇನು ಬರ? ರೈಸ್ ಮಿಲ್ಲಿನವರು ಚೀಲಗಟ್ಟಲೆ ಪುಕ್ಕಟೆ ಕೊಟ್ಟರು. ಮಣ್ಣು ಮಾತ್ರ ಬಹಳ ಆಟ ಆಡಿಸಿತು. ಹೊಲದ ಎರೆಮಣ್ಣು ಹಚ್ಚಿದರೆ ಮೂರನೇ ದಿನಕ್ಕೆ ಬೆರಳು ತೂರುವಷ್ಟು ಬಿರುಕು. ಹೊಟ್ಟು ಜಾಸ್ತಿ ಮಾಡಿದರೆ ಬಿರುಕು ಕಮ್ಮಿಯಾಯಿತು, ಆದರೆ ಕೈ ಸವರಿದರೆ ಪುಡಿ ಉದುರುತ್ತಿತ್ತು. ಹೊಟ್ಟಿನ ಜೊತೆ ಬಂದ ನುಚ್ಚಿನ ವಾಸನೆಗೆ ಇಲಿ ಬಂದು ಒಂದು ಬೋರ್ಡಿನ ಮೂಲೆಯನ್ನೇ ಕೆರೆದು ಹಾಕಿತು. ಆಮೇಲಿಂದ ಹೊಟ್ಟನ್ನು ಮೊರದಲ್ಲಿ ಕೇರಿಯೇ ಹಾಕುತ್ತೇನೆ. ಕೊನೆಗೆ ಹದ ಬಂದದ್ದು ಕೆಮ್ಮಣ್ಣು ಎರಡು ಪಾಲು, ಸೂಳೆಕೆರೆ ಕಡೆಯಿಂದ ತಂದ ಹೂಳು ಒಂದು ಪಾಲು, ಸಣ್ಣ ಮರಳು ಒಂದು ಪಾಲು ಸೇರಿಸಿದಾಗ. ಹೊಟ್ಟು ಕೈಯಂದಾಜು. ಇದನ್ನು ಎರಡು ವಾರ ಕೊಳೆಸಬೇಕು. ನಾತಕ್ಕೆ ಮನೆಯವರು ಬೈಯುತ್ತಾರೆ, ಬೈಸಿಕೊಳ್ಳಬೇಕು.

ಪ್ಲೈವುಡ್ ತಗೋಬೇಡಿ. ಒದ್ದೆ ಮಣ್ಣಿಗೆ ಬಾಗುತ್ತದೆ, ದುಡ್ಡೂ ಜಾಸ್ತಿ. ಈ ಪ್ರಯೋಗಗಳಲ್ಲಿ ನಾನು ಕಳೆದುಕೊಂಡ ಎಂಟೊಂಬತ್ತು ಸಾವಿರ ರೂಪಾಯಿಯಲ್ಲಿ ಅರ್ಧ ಪ್ಲೈವುಡ್‌ನದ್ದೇ. ಸಿಮೆಂಟ್ ಶೀಟನ್ನು ಚೆನ್ನಾಗಿ ಗೀರಿ, ನೀರು ಕುಡಿಸಿ ಮೆತ್ತಿದರೆ ಹಿಡಿಯುತ್ತದೆ. ಎರಡು ಮೂರು ಅಡಿಯ ತುಂಡು ಸುಮಾರು ಮುನ್ನೂರು ರೂಪಾಯಿಗೆ ಸಿಕ್ಕಿತು.

ಈಗ ಅಸಲಿ ವಿಷಯ. ಒಂದೇ ಮೇಲ್ಮೈಯಲ್ಲಿ ಎರಡು ತರದ ಬಣ್ಣ ಬೇಕು. ಒಂದು ನೀರಿಗೆ ಜಗ್ಗಬಾರದು, ಇನ್ನೊಂದು ನೀರು ತಾಗಿದರೆ ನಿಲ್ಲಬಾರದು. ಜಗ್ಗದ ಬಣ್ಣಕ್ಕೆ ನಾನು ನೆಚ್ಚಿಕೊಂಡದ್ದು ಒಡೆದ ಹಾಲಿನ ಗಟ್ಟಿ ಮತ್ತು ಸುಣ್ಣ. ಹಾಲಿನಲ್ಲಿ ಜಿಡ್ಡಿದ್ದರೆ ಬಣ್ಣ ಕೂರುವುದಿಲ್ಲ. ಬೆಣ್ಣೆ ದೋಸೆಯ ಊರಿನಲ್ಲಿ ಬೆಣ್ಣೆ ತೆಗೆದು ಉಳಿದ ಮಜ್ಜಿಗೆಗೆ ಬೆಲೆಯೇ ಇಲ್ಲ. ನನಗೆ ಅದೇ ಬಂಗಾರ. ಮಜ್ಜಿಗೆಯನ್ನು ಬಿಸಿ ಮಾಡಿ ಒಡೆಸಿ, ಗಟ್ಟಿಯನ್ನು ಬಟ್ಟೆಯಲ್ಲಿ ಸೋಸಿ, ಹುಳಿ ಹೋಗುವ ತನಕ ತೊಳೆದು, ಅರಳಿಸಿದ ಸುಣ್ಣ ಹಾಕಿ ಅರೆಯುತ್ತೇನೆ. ಅಂಟಂಟಾಗಿ ಬರುತ್ತದೆ. ಅವತ್ತಿನದು ಅವತ್ತೇ ಖರ್ಚಾಗಬೇಕು. ಗಾರೆಯ ಮೇಲಿನ ಬಿಳಿ ಲೇಪನ, ಪೀಠ, ಮರ, ಪಾದ ಎಲ್ಲಕ್ಕೂ ಇದೇ. ಕೆಮ್ಮಣ್ಣು, ಹಳದಿ ಮಣ್ಣು ಎರಡೂ ಸುಣ್ಣಕ್ಕೆ ಹೆದರುವುದಿಲ್ಲ. ಲೇಪನ ಪೂರ್ತಿ ಆರುವ ಮೊದಲು ನುಣ್ಣನೆ ಕಲ್ಲಿನಿಂದ ಉಜ್ಜಬೇಕು. ಬಟ್ಟೆಯ ಮೇಲೆ ತಂಕಾ ಅನ್ನುವ ಬೌದ್ಧ ಚಿತ್ರ ಬರೆಯುವ ಟಿಬೆಟನ್ನರು ಆ ಬಟ್ಟೆಯನ್ನು ಉಜ್ಜುತ್ತಾರಲ್ಲ, ಹಾಗೆಯೇ. ಉಜ್ಜದೆ ಬಿಟ್ಟ ಬೋರ್ಡುಗಳಲ್ಲಿ ಆಮೇಲೆ ಬರೆದ ಬುದ್ಧನ ಕೆಂಪು ಒಳಗಿಳಿದು, ಎಷ್ಟು ಒರೆಸಿದರೂ ಹೋಗಲಿಲ್ಲ.

ಇಷ್ಟಾದ ಮೇಲೆ ಒಂದು ತಿಂಗಳು ಅದನ್ನು ಮರೆತುಬಿಡಿ. ಆಮೇಲೆ ಬುದ್ಧನ ಆಕೃತಿ. ಅದಕ್ಕೆ ಗ್ರಂಧಿಗೆ ಅಂಗಡಿಯ ಜಾಲಿ ಅಂಟು ಸಾಕು, ತೀರಾ ತೆಳ್ಳಗೆ. ಬರೀ ಅಂಟಾದರೆ ಬೇಸಿಗೆಯಲ್ಲಿ ಚಕ್ಕೆ ಏಳುತ್ತದೆ. ಹಾಗಾಗದಿರಲು ಇನ್ನೊಂದನ್ನು ಸೇರಿಸುತ್ತೇನೆ. ಅದನ್ನು ಇಲ್ಲಿ ಹೇಳಲ್ಲ, ಕ್ಷಮಿಸಿ. ಹೊಟ್ಟಿನ ಬೂದಿಯ ಕಪ್ಪನ್ನು ಆಕೃತಿಗೆ ಬಳಸಬೇಡಿ. ಅರ್ಧ ಸುಟ್ಟ ಹೊಟ್ಟು ಒಳ್ಳೆಯ ಕಪ್ಪು ಕೊಡುತ್ತದೆ ನಿಜ, ಆದರೆ ಒರೆಸಿದಾಗ ಮಸಿ ಇಡೀ ಬೋರ್ಡಿಗೆ ಹರಡುತ್ತದೆ. ಮರದ ಗೆರೆಗಳಿಗೆ ಅದು ಚೆಂದ.

ನಡುವೆ ಬೇರೆ ಹುಚ್ಚುಗಳೂ ಇದ್ದವು. ಬೈಲಕುಪ್ಪೆಯಲ್ಲಿ ಟಿಬೆಟನ್ ಭಿಕ್ಷುಗಳು ಬಿಡಿಸಿ ಮುಗಿಸಿ ತಾವೇ ಕೆಡಿಸುವ ಮರಳಿನ ಮಂಡಲ ನೋಡಿ ಬಂದು, ಬಣ್ಣ ಹಾಕಿದ ಮಂಡಕ್ಕಿಯಲ್ಲಿ ತಾರಸಿಯ ಮೇಲೆ ಮಂಡಲ ಬಿಡಿಸಿದೆ. ಮುಗಿಸಿ ಕೆಡಿಸುವ ಕೆಲಸ ನನಗೆ ಉಳಿಯಲೇ ಇಲ್ಲ. ಗಾಳಿ ಅರ್ಧ ಒಯ್ದಿತು, ಗುಬ್ಬಿಗಳು ಅರ್ಧ. ಮೊಳಕಾಲ್ಮುರು ಕಡೆ ಬ್ರಹ್ಮಗಿರಿಗೂ ಹೋಗಿ ಬಂದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನ ಅಲ್ಲಿದೆ. ಅಲ್ಲಿ ಚಿತ್ರವಿಲ್ಲ, ಅಕ್ಷರ ಮಾತ್ರ. ನನ್ನ ಕಣ್ಣು ಹೋದದ್ದು ಕೊನೆಗೆ. ಬರೆದವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರ ಅನ್ನುವುದನ್ನು ಮಾತ್ರ ವಾಯವ್ಯದ ಕಡೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಇಲ್ಲಿ ಅದನ್ನು ಯಾರು ಓದಬೇಕಿತ್ತೋ! ಅವನಿಂದ ನಾನೊಂದು ಕಲಿತೆ. ನನ್ನ ಸಹಿ ಈಗ ಪೀಠದ ಮೇಲೆ, ಬುದ್ಧನ ಕೆಳಗೆ ಇರುತ್ತದೆ. ಒರೆಸಿದವರಿಗಷ್ಟೇ ಕಾಣುತ್ತದೆ. ಅನಾತ್ಮ, ಅಂದರೆ ಉಳಿಯುವ 'ನಾನು' ಅಂತ ಒಂದಿಲ್ಲ ಅಂತ ಹೇಳುವ ಚಿತ್ರದಲ್ಲಿ ಸಹಿ ಯಾಕೆ ಅಂತ ಕೇಳಬಹುದು. ಬಿಲ್ಲು ಬರೆಯಬೇಕಲ್ಲ ಸ್ವಾಮಿ.

ಮೊದಲ ಸಲ ತೋರಿಸಿದ್ದು ಗೆಳೆಯರೊಬ್ಬರ ಗೋಡೌನಿನಲ್ಲಿ. ಬಟ್ಟೆ ಕೊಟ್ಟದ್ದೇ ತಡ, ಮಕ್ಕಳು ಒರೆಸಲು ಶುರು ಹಚ್ಚಿಕೊಂಡರು. ದೊಡ್ಡವರು ಹಿಂದೆ ಸರಿದರು. ನನಗಿಂತ ಹಿರಿಯರಾದ ಒಬ್ಬರು ಸಿಟ್ಟಾದರು. "ಬಾಬಾಸಾಹೇಬ್ರು 56ರಲ್ಲಿ ನಾಗಪುರದಲ್ಲಿ ನಮಗೆ ಕೊಟ್ಟಿದ್ದು ಈ ಬುದ್ಧನ್ನ. ನಮ್ಮನೆ ಗೋಡೆ ಮೇಲೆ ಇರೋನು. ನೀವು ಬೋರ್ಡ್ ಒರೆಸ್ದಂಗೆ ಒರೆಸಿ ಅಂತೀರಲ್ಲ ಸರ್?" ಅಂದರು. ಖಾಲಿ ಪೀಠದ ಇತಿಹಾಸ ಹೇಳಿದೆ. ಅದು ಅವರಿಗೂ ಗೊತ್ತಿತ್ತು. ಅವರ ಮಾತು ಇತಿಹಾಸದ್ದಲ್ಲ, ಒರೆಸುವ ಕೈಯದು. ಆಮೇಲೆ ನಾನು ಮುಖಕ್ಕೆ ಕಣ್ಣು ಮೂಗು ಬರೆಯುವುದನ್ನು ಬಿಟ್ಟೆ. ಈಗ ಆಕೃತಿ ಬರೀ ಕೆಂಪು ನೆರಳು. ಒಗೆದ ಬಿಳಿ ಬಟ್ಟೆ ಇಡುತ್ತೇನೆ, ಯಾರಿಗೂ ಒರೆಸಿ ಅನ್ನುವುದಿಲ್ಲ. ಚಿತ್ರ ಇದರಿಂದ ಚೆನ್ನಾಯಿತು ಅಂತಲೇ ನನ್ನ ಲೆಕ್ಕ. ಅವರು ಮುಂದಿನ ಸಲವೂ ಬಂದರು. ಒರೆಸಲಿಲ್ಲ.

ದುಡ್ಡಿನ ಮಾತು. ಬೆಂಗಳೂರಿನ ಗ್ಯಾಲರಿಯೊಂದು, ಒರೆಸುವ ಚಿತ್ರಕ್ಕೆ ಬೆಲೆ ಹಾಕುವುದು ಹೇಗೆ ಅಂತ ವಾಪಸ್ ಕಳಿಸಿತು. ನನಗೂ ಗೊತ್ತಿರಲಿಲ್ಲ. ಈಗ ಒರೆಸದ ಬೋರ್ಡನ್ನು ಮಾರುವುದೇ ಇಲ್ಲ, ಒರೆಸಿದ್ದನ್ನು ಮಾತ್ರ ಮಾರುತ್ತೇನೆ. ಹತ್ತು ಹನ್ನೆರಡು ಸಾವಿರಕ್ಕೆ ಹೋಗುತ್ತಿವೆ. ಸಾಮಾನಿನ ಖರ್ಚು ಬೋರ್ಡಿಗೆ ಆರುನೂರು ದಾಟಲ್ಲ. ಅರೆಬರೆ ಒರೆಸಿದವಕ್ಕೆ, ಭುಜವೋ ಮೊಣಕಾಲೋ ಉಳಿದವಕ್ಕೆ, ಗಿರಾಕಿ ಜಾಸ್ತಿ.

ಮಾಡುವವರು ಜೂನ್‌ನಿಂದ ಸೆಪ್ಟೆಂಬರ್ ತನಕ ಗಾರೆಗೆ ಕೈ ಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಒರೆಸುವ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಕೊಡಿ. ನೀರು ಸುರಿಯುವಂತಿದ್ದರೆ ಮಾತ್ರ ನನ್ನ ಗೆಳೆಯರು ಹೇಳಿದ್ದೇ ಸರಿಯಾಗುತ್ತದೆ.