ಬಾಣಂತಿಗೆ ನೆರವಾಗಬೇಕಾ? ಮೊದಲು ಮಗುವನ್ನು ಅವಳ ಕೈಗೆ ಕೊಡಿ

ಮಗು ಹುಟ್ಟಿದ ಮನೆಗೆ ಹೋದವರು ಮೊದಲು ವಿಚಾರಿಸುವುದು ಮಗುವನ್ನು. ಎಷ್ಟು ತೂಕ, ಯಾರ ಮೂಗು, ರಾತ್ರಿ ಮಲಗುತ್ತಾ? ಎತ್ತಿಕೊಳ್ಳುವುದಕ್ಕೆ ಒಬ್ಬರಾದ ಮೇಲೆ ಒಬ್ಬರು ಕೈ ಚಾಚುತ್ತಾರೆ. ಹೆತ್ತವಳು ಪಕ್ಕದಲ್ಲೇ ಇರುತ್ತಾಳೆ, ನೆಟ್ಟಗೆ ಕೂರುವುದಕ್ಕೂ ಆಗದೆ ಒಂದು ಮಗ್ಗುಲಿಗೆ ವಾಲಿಕೊಂಡು. ಅವಳಿಗೆ "ಹೇಗಿದ್ದೀಯಾ" ಅಂತ ಒಂದು ಮಾತು, ಅವಳಿಂದ "ಚೆನ್ನಾಗಿದ್ದೀನಿ" ಅಂತ ಒಂದು ಉತ್ತರ. ಅಲ್ಲಿಗೆ ಮುಗೀತು.

ಇದನ್ನು ಬರೆಯುತ್ತಿರುವುದು ಬಾಣಂತಿಗಲ್ಲ. ಅವಳಿಗೆ ಸಲಹೆ ಕೊಡುವವರು ಈಗಾಗಲೇ ಜಾಸ್ತಿ ಇದ್ದಾರೆ. ಇದು ಅವಳ ಸುತ್ತ ಇರುವವರಿಗೆ: ಗಂಡ, ಅಮ್ಮ, ಅತ್ತೆ, ಅಕ್ಕ, ಗೆಳತಿ, ಪಕ್ಕದ ಮನೆಯವರು. ಮಗುವನ್ನು ಎತ್ತಿ ಆಡಿಸುವುದು ಸಹಾಯ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅವಳೇ ಕೇಳಿದಾಗ ಖಂಡಿತ ಎತ್ತಿಕೊಳ್ಳಿ. ಆದರೆ ಅವಳಿಗೆ ನಿಜವಾಗಿ ಬೇಕಿರುವುದು ಮಿಕ್ಕ ಕೆಲಸ ಅವಳ ಕೈಯಿಂದ, ಅದಕ್ಕಿಂತ ಮುಖ್ಯವಾಗಿ ಅವಳ ತಲೆಯಿಂದ ಇಳಿಯುವುದು.

ಮೊದಲು, ಅವಳ ಮೈಯಲ್ಲಿ ಏನಾಗುತ್ತಿದೆ ಅಂತ ತಿಳಿದುಕೊಳ್ಳಿ

ಹೆರಿಗೆಯ ನಂತರದ ಆರು ವಾರ, ಅಂದರೆ 42 ದಿನ, ವೈದ್ಯರ ಲೆಕ್ಕದಲ್ಲಿ ವಿಶೇಷ ನಿಗಾ ಬೇಕಾದ ಸಮಯ. ಮಾಸು ಕಳಚಿ ಬಂದ ಜಾಗದಲ್ಲಿ ಗರ್ಭಕೋಶದ ಒಳಗೆ ಸುಮಾರು ಅಂಗೈ ಅಗಲದ ಗಾಯ ಇರುತ್ತದೆ. ಹೊರಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆರಿಗೆಯಾದಾಗ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಆರು ವಾರದಲ್ಲಿ ನೂರು ಗ್ರಾಂನ ಒಳಗೆ ಬರಬೇಕು. ಅದು ಕುಗ್ಗುವಾಗ ಹೊಟ್ಟೆ ಹಿಂಡಿದ ಹಾಗೆ ನೋಯುತ್ತದೆ. ಹಾಲು ಕುಡಿಸುವಾಗ ಈ ನೋವು ಜಾಸ್ತಿ, ಯಾಕೆಂದರೆ ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನೇ ಗರ್ಭಕೋಶವನ್ನೂ ಬಿಗಿ ಮಾಡುತ್ತದೆ. ಎರಡನೇ ಹೆರಿಗೆಯವರಿಗೆ ಮೊದಲನೆಯದಕ್ಕಿಂತ ಹೆಚ್ಚು ನೋಯುವುದು ಸಾಮಾನ್ಯ.

ಮೊದಲ ಮೂರ್ನಾಲ್ಕು ದಿನ ಕೆಂಪಗೆ ರಕ್ತಸ್ರಾವ, ಆಮೇಲೆ ಕಂದು ಬಣ್ಣ, ಸುಮಾರು ಹತ್ತು ದಿನದ ನಂತರ ಬಿಳಿ ಹಳದಿ. ಇದು ನಾಲ್ಕರಿಂದ ಆರು ವಾರದವರೆಗೂ ಹೋಗಬಹುದು. ರಾತ್ರಿ ಬಟ್ಟೆ ನೆನೆಯುವಷ್ಟು ಬೆವರು ಬರುತ್ತದೆ. ಕೆಮ್ಮಿದರೆ, ನಕ್ಕರೆ ಮೂತ್ರ ಸೋರಬಹುದು, ಅದನ್ನು ಹೇಳಿಕೊಳ್ಳುವುದಕ್ಕೆ ಅವಳಿಗೆ ನಾಚಿಕೆ. ಹೊಲಿಗೆ ಹಾಕಿದ್ದರೆ ಬಾತ್‌ರೂಮಿಗೆ ಹೋಗುವುದೇ ಭಯ.

ಸಿಸೇರಿಯನ್ ಆಗಿದ್ದರೆ ಅದು ದೊಡ್ಡ ಆಪರೇಷನ್, ಅದನ್ನು ಮರೆಯಬೇಡಿ. ಬೇರೆ ಯಾವುದೇ ಹೊಟ್ಟೆಯ ಆಪರೇಷನ್ ಆದವರನ್ನು ನಾವು ಮಲಗಿಸಿ ನೋಡಿಕೊಳ್ಳುತ್ತೇವೆ, ಇವಳ ಕೈಗೆ ಮಾತ್ರ ರಾತ್ರಿಯಿಡೀ ಏಳುವ ಕೆಲಸ ಕೊಡುತ್ತೇವೆ. ಮಗುವಿಗಿಂತ ಭಾರದ್ದನ್ನು ಅವಳು ಕೆಲವು ವಾರ ಎತ್ತಬಾರದು. ನೀರಿನ ಬಕೆಟ್ ಬೇಡ, ದೊಡ್ಡ ಮಗುವೂ ಬೇಡ. ಏಳುವಾಗ ಮೊದಲು ಒಂದು ಮಗ್ಗುಲಿಗೆ ಹೊರಳಿ, ಕೈ ಊರಿ ಏಳಲಿ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಳ್ಳಲಿ. ಇನ್ನು "ನಾರ್ಮಲ್ ಹೆರಿಗೆ ಅಲ್ವಾ, ಏನಾಗಿದೆ" ಅನ್ನುವ ಮಾತನ್ನು ದಯವಿಟ್ಟು ಮನೆಯಿಂದಲೇ ಹೊರಗೆ ಹಾಕಿ.

ಒಂದು ಕೆಲಸ ಹಿಡಿಯಿರಿ, ಪೂರ್ತಿ ಹಿಡಿಯಿರಿ

"ಏನಾದ್ರೂ ಬೇಕಿದ್ರೆ ಹೇಳು." ಒಳ್ಳೆ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಈ ಮಾತು ಅವಳಿಗೆ ಇನ್ನೊಂದು ಕೆಲಸ ಕೊಡುತ್ತದೆ. ಏನು ಬೇಕು ಅಂತ ಯೋಚಿಸಬೇಕು, ಯಾರನ್ನು ಕೇಳುವುದು ಅಂತ ನೋಡಬೇಕು, ಸಂಕೋಚ ಬಿಟ್ಟು ಫೋನ್ ಮಾಡಬೇಕು. ಅಷ್ಟು ಮಾಡುವ ಹೊತ್ತಿಗೆ ಆ ಕೆಲಸ ತಾನೇ ಮಾಡಿಬಿಡುವುದು ಸುಲಭ ಅನ್ನಿಸುತ್ತದೆ, ಮಾಡಿಯೂ ಬಿಡುತ್ತಾಳೆ.

ಅದರ ಬದಲು ಹೀಗೆ ಹೇಳಿ ನೋಡಿ: "ನಾಳೆ ಮಧ್ಯಾಹ್ನದ ಊಟ ನಂದು. ಹನ್ನೆರಡೂವರೆಗೆ ತಂದು ಅಡುಗೆಮನೆಯಲ್ಲಿಟ್ಟು ಹೋಗ್ತೀನಿ, ನೀನು ಏಳೋದು ಬೇಡ." ಅವಳು ಉತ್ತರ ಕೊಡಬೇಕಾದ್ದೇ ಇಲ್ಲ, ಬೇಡ ಅನ್ನಿಸಿದರೆ ಬೇಡ ಅಂದರಾಯಿತು.

ಬಟ್ಟೆ ನಿಮ್ಮ ಕೆಲಸ ಅಂದರೆ ಮೆಷಿನ್‌ಗೆ ಹಾಕುವುದಷ್ಟೇ ಅಲ್ಲ. ಒಣಗಿಸಿ, ಮಡಚಿ, ಮಗುವಿನದು ಅವಳ ಕೈಗೆ ಸಿಗುವ ಜಾಗದಲ್ಲಿ ಇಡುವವರೆಗೂ ನಿಮ್ಮದೇ. "ಸೋಪು ಎಲ್ಲಿದೆ?" ಅಂತ ಮಲಗಿದವಳನ್ನು ಕೇಳಬಾರದು, ಹುಡುಕಿಕೊಳ್ಳಿ. ಸಾಮಾನು ತರುವುದು ನಿಮ್ಮದಾದರೆ ಏನು ಮುಗಿದಿದೆ ಅಂತ ನೋಡುವುದೂ ನಿಮ್ಮದು. ಗಂಡಂದಿರಿಗೆ ಇದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ: ನೀವು ನಿಮ್ಮ ಹೆಂಡತಿಗೆ ಸಹಾಯ ಮಾಡುತ್ತಿಲ್ಲ, ನಿಮ್ಮ ಮನೆಯ ಕೆಲಸ ನೀವು ಮಾಡುತ್ತಿದ್ದೀರಿ. ಲಸಿಕೆ ಯಾವಾಗ, ಜನನ ಪ್ರಮಾಣಪತ್ರಕ್ಕೆ ಏನು ಬೇಕು, ಡಾಕ್ಟರ ಹತ್ತಿರ ಮುಂದೆ ಯಾವಾಗ ಹೋಗಬೇಕು, ಇವೆಲ್ಲ ನೆನಪಿಟ್ಟುಕೊಳ್ಳುವ ಕೆಲಸವನ್ನು ಪೂರ್ತಿ ತೆಗೆದುಕೊಂಡುಬಿಡಿ. ಹಿರಿಯ ಮಗು ಇದ್ದರೆ ಅದಕ್ಕೆ ದಿನಕ್ಕೆ ಒಂದಿಷ್ಟು ಹೊತ್ತು ಅಮ್ಮನ ಜೊತೆ ಒಂಟಿಯಾಗಿ ಸಿಗುವ ಹಾಗೆ ಮಾಡಿ, ಆಗ ಚಿಕ್ಕದನ್ನು ನೀವು ನೋಡಿಕೊಳ್ಳಿ.

ಊಟ, ನೀರು

ಇದರಲ್ಲಿ ಜಾಸ್ತಿ ಹೇಳುವುದಿಲ್ಲ. ಹಾಲುಣಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿಗೆ ಬೇಕು, ಬಾಯಾರಿಕೆಯೂ ಹೆಚ್ಚು. ಹಾಲು ಕುಡಿಸುವ ಜಾಗದಲ್ಲಿ ನೀರು ಕೈಗೆಟುಕುವಂತೆ ಸದಾ ತುಂಬಿರಲಿ. ಒಂದೇ ಕೈಯಲ್ಲಿ ತಿನ್ನುವಂಥದ್ದು ಕೊಡಿ, ಇನ್ನೊಂದು ಕೈಯಲ್ಲಿ ಮಗು ಇರುತ್ತದೆ. ಮಲಬದ್ಧತೆ ಆಗದಂತೆ ನಾರಿನಂಶ ಇರಲಿ. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸದಂತೆ ನೋಡಿಕೊಳ್ಳಿ.

ನಿದ್ದೆಗೆ ಲೆಕ್ಕ ಹಾಕಿ

"ಮಗು ಮಲಗಿದಾಗ ನೀನೂ ಮಲಗು" ಅನ್ನುವ ಸಲಹೆ ಕೇಳಿ ಕೇಳಿ ಅವಳಿಗೆ ಸಾಕಾಗಿರುತ್ತದೆ. ಹೊಸ ಮಗು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಒಂದೊಂದು ಸಲಕ್ಕೂ ಅರ್ಧ ಗಂಟೆ, ಆಮೇಲೆ ತೇಗಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು. ಇಷ್ಟಾಗುವ ಹೊತ್ತಿಗೆ ಮುಂದಿನ ಸಲ ಹತ್ತಿರ ಬಂದಿರುತ್ತದೆ. ಮಧ್ಯೆ ಸಿಗುವುದು ಚೂರುಪಾರು ನಿದ್ದೆ.

ಹಾಗಾಗಿ ದಿನದಲ್ಲಿ ಒಮ್ಮೆಯಾದರೂ ಆದಷ್ಟು ಉದ್ದದ, ಕಡಿಯದ ನಿದ್ದೆ ಸಿಗುವಂತೆ ಮಾಡಿ. ಅವಳು ಹಾಲು ಕುಡಿಸಿದ ತಕ್ಷಣ ಮಗುವನ್ನು ತೆಗೆದುಕೊಂಡು ಬೇರೆ ಕೋಣೆಗೆ ಹೋಗಿ, ಬಾಗಿಲು ಹಾಕಿ. ಅವಳ ಫೋನೂ ನಿಮ್ಮ ಹತ್ತಿರ ಇರಲಿ. ಮಗು ಹಸಿದಾಗಷ್ಟೇ ಎಬ್ಬಿಸಿ. ಹಾಲು ಹಿಂಡಿಟ್ಟಿದ್ದರೆ, ಅಥವಾ ಡಬ್ಬಿ ಹಾಲು ಕೊಡುತ್ತಿದ್ದರೆ ಅಷ್ಟಕ್ಕೂ ಎಬ್ಬಿಸಬೇಕಿಲ್ಲ. ರಾತ್ರಿ ಕುಡಿಸುವುದೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಇನ್ನೊಬ್ಬರು ಮಾಡಬಹುದು: ಎತ್ತಿ ತಂದುಕೊಡುವುದು, ಆಮೇಲೆ ತೇಗಿಸುವುದು, ಡಯಾಪರ್ ಬದಲಿಸುವುದು. ಮಗುವನ್ನು ಅಂಗಾತ ಮಲಗಿಸಿ, ಹಾಸಿಗೆ ಗಟ್ಟಿಯಾಗಿ ಸಪಾಟಾಗಿರಲಿ, ದಿಂಬು ಬೇಡ. ಮಗುವನ್ನು ಎದೆ ಮೇಲೆ ಹಾಕಿಕೊಂಡು ಸೋಫಾದಲ್ಲಿ ನೀವೇ ನಿದ್ದೆ ಹೋಗುವುದಂತೂ ತುಂಬಾ ಅಪಾಯ.

ಹಾಲಿನ ವಿಷಯಕ್ಕೆ ಬಾಯಿ ಹಾಕುವ ಮುಂಚೆ

ಮೊದಲ ದಿನಗಳಲ್ಲಿ ಬರುವುದು ದಪ್ಪ ಹಳದಿ ಹಾಲು, ಅದೂ ಸ್ವಲ್ಪವೇ. ಮಗುವಿಗೆ ಆಗ ಅಷ್ಟೇ ಸಾಕು. ಜಾಸ್ತಿ ಹಾಲು ಇಳಿಯುವುದು ಸಾಮಾನ್ಯವಾಗಿ ಎರಡರಿಂದ ಐದು ದಿನದ ಒಳಗೆ. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದೂ ಮಾಮೂಲು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರುತ್ತದೆ. ಆ ಇಳಿಕೆ ನೂರಕ್ಕೆ ಹತ್ತರಷ್ಟು ಮುಟ್ಟಿದರೆ ಡಾಕ್ಟರನ್ನು ಕಾಣಬೇಕು. ಇದು ಗೊತ್ತಿಲ್ಲದೆ "ಹಾಲು ಸಾಲ್ತಿಲ್ಲ ಅನ್ಸುತ್ತೆ" ಅಂತ ಸುಮ್ನೆ ಒಂದು ಮಾತು ಬಿಸಾಕಿ ಹೋಗುವವರಿದ್ದಾರೆ. ಅವರು ಹೋದ ಮೇಲೆ ಆ ಮಾತು ಅವಳ ತಲೆಯಲ್ಲಿ ರಾತ್ರಿಯಿಡೀ ಸುತ್ತುತ್ತದೆ.

ಸಾಲುತ್ತಿದೆಯಾ ಅಂತ ನೋಡುವುದಕ್ಕೆ ಅಂದಾಜು ಬೇಡ, ಲೆಕ್ಕ ಇದೆ. ಐದನೇ ದಿನದ ನಂತರ ಮಗು ದಿನಕ್ಕೆ ಕನಿಷ್ಠ ಆರು ಸಲ ಮೂತ್ರ ಮಾಡಬೇಕು. ಈ ಲೆಕ್ಕ ಬರೆದಿಡುವ ಕೆಲಸ ನಿಮ್ಮದಾಗಲಿ. ಕುಡಿಸುವಾಗ ವಿಪರೀತ ನೋವಿದ್ದರೆ ಮಗು ಬಾಯಲ್ಲಿ ಮೊಲೆ ಹಿಡಿಯುವ ರೀತಿ ಸರಿಯಿಲ್ಲದಿರಬಹುದು, ತಿಳಿದ ನರ್ಸ್ ಒಮ್ಮೆ ಪಕ್ಕದಲ್ಲಿ ಕೂತು ತೋರಿಸಿದರೆ ಸರಿಹೋಗುವುದುಂಟು. ಎದೆಯ ಒಂದು ಭಾಗ ಗಟ್ಟಿಯಾಗಿ ಕೆಂಪಾಗಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ತೋರಿಸಿ. ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ. ಡಬ್ಬಿ ಹಾಲು ಕೊಡಬೇಕಾಗಿ ಬಂದರೆ ಬಾಟಲಿ ತೊಳೆದು ಕುದಿಸುವುದು ನಿಮ್ಮ ಪಾಲಿಗೆ, ಚುಚ್ಚು ಮಾತು ಯಾರ ಪಾಲಿಗೂ ಬೇಡ.

ಬಾಗಿಲಲ್ಲಿ ಒಬ್ಬರು ನಿಲ್ಲಿ

ಬರುವವರಿಗೆ ಬೇಡ ಅನ್ನುವ ಕೆಲಸ ಬಾಣಂತಿಯದಲ್ಲ. ಮನೆಯಲ್ಲಿ ಸ್ವಲ್ಪ ಗಟ್ಟಿ ಬಾಯಿಯವರು ಯಾರಿದ್ದಾರೋ ಅವರದು. ಬರುವ ಮುಂಚೆ ಫೋನ್ ಮಾಡಿ ಅನ್ನಿ. ಶೀತ, ಕೆಮ್ಮು, ಜ್ವರ ಇದ್ದವರು ವಾಸಿಯಾದ ಮೇಲೆ ಬರಲಿ. ಮಗುವಿನ ಮುಖಕ್ಕೆ ಮುತ್ತು ಕೊಡಬಾರದು, ಯಾರೇ ಆಗಲಿ. ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು. ಯಾರಾದರೂ ಮುಖ ಊದಿಸಿಕೊಂಡರೆ 1847ರ ಕಥೆ ಹೇಳಿ: ವಿಯೆನ್ನಾದ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಸಾಲು ಸಾಲಾಗಿ ಸಾಯುತ್ತಿದ್ದಾಗ ಸೆಮ್ಮೆಲ್ವೈಸ್ ಎಂಬ ಡಾಕ್ಟರು ಎಲ್ಲರೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲೇಬೇಕು ಅಂತ ಮಾಡಿದರು, ಸಾವು ಸಟ್ಟನೆ ಇಳಿಯಿತು. ಆಗಲೂ ದೊಡ್ಡ ದೊಡ್ಡ ಡಾಕ್ಟರುಗಳು ಮುಖ ಊದಿಸಿಕೊಂಡಿದ್ದರು.

ಇಪ್ಪತ್ತು ನಿಮಿಷ ಸಾಕು. ಬಂದವರಿಗೆ ಅವಳು ಎದ್ದು ಕುಡಿಯಲು ಏನಾದರೂ ಮಾಡಿಕೊಡುವಂತಾದರೆ ಆ ಭೇಟಿ ಸಹಾಯ ಅಲ್ಲ, ಕಾಟ.

ಮನಸ್ಸನ್ನು ಕೇಳಿ, ಎರಡು ಸಲ ಕೇಳಿ

ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಸಿಡಿಮಿಡಿ, ಗಾಬರಿ, ಇವು ಬಹುಪಾಲು ತಾಯಂದಿರಿಗೆ ಆಗುತ್ತವೆ. ಮಾಸು ಹೊರಬಂದ ಕೂಡಲೇ ಈಸ್ಟ್ರೊಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಒಮ್ಮೆಲೇ ಕುಸಿಯುತ್ತವೆ, ಮೇಲೆ ನಿದ್ದೆಯಿಲ್ಲ. ಇದು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಅಳು ನಿಲ್ಲಿಸುವುದಕ್ಕೆ ಹೋಗಬೇಡಿ. "ಇಷ್ಟು ಚೆನ್ನಾಗಿರೋ ಮಗು ಇಟ್ಕೊಂಡು ಯಾಕೆ ಅಳ್ತೀಯಾ" ಅನ್ನಲೇಬೇಡಿ. ಪಕ್ಕದಲ್ಲಿ ಕೂತರೆ ಸಾಕು.

ಎರಡು ವಾರ ದಾಟಿದರೂ ಹೋಗದಿದ್ದರೆ, ಅಥವಾ ದಿನೇದಿನೇ ಜಾಸ್ತಿಯಾದರೆ, ಅದು ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆತ್ತ ತಾಯಂದಿರಲ್ಲಿ ಸುಮಾರು ನೂರಕ್ಕೆ 13 ಮಂದಿಗೆ ಮಾನಸಿಕ ತೊಂದರೆ ಆಗುತ್ತದೆ, ಅದರಲ್ಲಿ ಹೆಚ್ಚಿನದು ಖಿನ್ನತೆ. ಅದು ಯಾವಾಗಲೂ ಅಳುವಿನ ರೂಪದಲ್ಲೇ ಬರುವುದಿಲ್ಲ. ಮಗು ಮಲಗಿದ್ದರೂ ಅವಳಿಗೆ ನಿದ್ದೆ ಬರುವುದಿಲ್ಲ. ಯಾವುದರಲ್ಲೂ ಆಸಕ್ತಿ ಇಲ್ಲ. ಮಗುವಿನ ಮೇಲೆ ಏನೂ ಅನ್ನಿಸುತ್ತಿಲ್ಲ, ಇಲ್ಲವೇ ಮಗುವಿಗೆ ಏನೋ ಆಗಿಬಿಡುತ್ತದೆ ಅಂತ ಪ್ರತಿ ನಿಮಿಷ ಭಯ. "ನಾನು ಒಳ್ಳೆ ತಾಯಿ ಅಲ್ಲ" ಅನ್ನುವುದು ಮೇಲಿಂದ ಮೇಲೆ ಬರುತ್ತದೆ. ಹೊರಗಿನವರ ಮುಂದೆ ಚೆನ್ನಾಗಿ ನಗುತ್ತಲೂ ಇರಬಹುದು.

ಹಾಗಾಗಿ "ಹೇಗಿದ್ದೀಯಾ" ಸಾಲದು. ಯಾರೂ ಇಲ್ಲದಾಗ, ಅವಸರವಿಲ್ಲದೆ ಕೇಳಿ: "ನಿದ್ದೆ ಹೋಗ್ಲಿ, ಮನಸ್ಸು ಹೇಗಿದೆ? ನಿಜ ಹೇಳು." "ಸರಿಯಾಗಿದ್ದೀನಿ" ಅಂದರೆ ಎರಡು ದಿನ ಬಿಟ್ಟು ಮತ್ತೆ ಕೇಳಿ. ಆಸ್ಪತ್ರೆಗಳಲ್ಲಿ ಇದನ್ನು ಅಳೆಯಲು ಎಡಿನ್‌ಬರೊ ಪ್ರಶ್ನಾವಳಿ ಬಳಸುತ್ತಾರೆ, 1987ರಿಂದ ಬಳಕೆಯಲ್ಲಿರುವ ಹತ್ತೇ ಪ್ರಶ್ನೆಗಳು, ಕೆಲವೇ ನಿಮಿಷದ ಕೆಲಸ. ಡಾಕ್ಟರ ಹತ್ತಿರ ಹೋದಾಗ ಕೇಳಿ ಮಾಡಿಸಬಹುದು. ಚಿಕಿತ್ಸೆ ಇದೆ, ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ. "ಹಾಲು ಕೆಡುತ್ತೆ" ಅಂತ ಮನೆಯವರೇ ಮಾತ್ರೆ ನಿಲ್ಲಿಸಬಾರದು. ಈ ಖಿನ್ನತೆ ಗಂಡಸರಿಗೂ ಬರುತ್ತದೆ, ಹೊಸ ಅಪ್ಪನನ್ನೂ ಯಾರಾದರೂ ಒಮ್ಮೆ ಕೇಳಿ.

ಸಾವಿರಕ್ಕೆ ಒಬ್ಬಿಬ್ಬರಲ್ಲಿ ಕಾಣುವ ಇನ್ನೊಂದಿದೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ಇಲ್ಲದ್ದು ಕಾಣುವುದು, ಕೇಳುವುದು, ವಿಪರೀತ ಅನುಮಾನ, ನಿದ್ದೆಯೇ ಬೇಡ ಅನ್ನುವಷ್ಟು ಹುರುಪು, ಅರ್ಥವಿಲ್ಲದ ಮಾತು. ಇದನ್ನು ಪ್ರಸವಾನಂತರದ ಸೈಕೋಸಿಸ್ ಅನ್ನುತ್ತಾರೆ. ಆಗ ತಾಯಿ ಮಗು ಇಬ್ಬರನ್ನೂ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಾಳೆ ನೋಡೋಣ ಅನ್ನುವ ವಿಷಯ ಅಲ್ಲ.

ಇವು ಕಂಡರೆ ಕಾಯಬೇಡಿ

ಇದನ್ನು ಬರೆದು ಫ್ರಿಜ್ ಮೇಲೆ ಅಂಟಿಸಿ. ನಿದ್ದೆಗೆಟ್ಟವಳಿಗೆ ತನ್ನ ಮೈಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಾಗದೇ ಹೋಗಬಹುದು, ಗೊತ್ತಾದರೂ "ಸುಸ್ತು ಇರಬೇಕು" ಅಂತ ಬಿಟ್ಟುಬಿಡುತ್ತಾಳೆ.

- ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಅಥವಾ ಮೊಟ್ಟೆ ಗಾತ್ರದ ಗಡ್ಡೆಗಳು
- 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಕೆಟ್ಟ ವಾಸನೆಯ ಸ್ರಾವ, ಹೊಲಿಗೆಯಲ್ಲಿ ಕೀವು
- ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಊದಿಕೊಳ್ಳುವುದು
- ಒಂದೇ ಕಾಲಿನಲ್ಲಿ ಊತ, ನೋವು
- ಎದೆನೋವು, ಉಸಿರಾಟಕ್ಕೆ ಕಷ್ಟ, ಫಿಟ್ಸ್, ಪ್ರಜ್ಞೆ ತಪ್ಪುವುದು
- ತನಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಳ್ಳುವ ಮಾತು

ತಲೆನೋವನ್ನು ಹಗುರವಾಗಿ ನೋಡಬೇಡಿ. ಬಸುರಿನಲ್ಲಿ ಬಿ.ಪಿ. ಸರಿಯಾಗೇ ಇದ್ದವರಿಗೂ ಹೆರಿಗೆಯ ನಂತರ, ಆರು ವಾರದವರೆಗೂ, ಏರಬಹುದು. ಯಾವ ಆಸ್ಪತ್ರೆಗೆ ಹೋದರೂ ಮೊದಲ ಮಾತಿಗೇ "ಹೆರಿಗೆಯಾಗಿ ಇಷ್ಟು ದಿನ ಆಗಿದೆ" ಅಂತ ಹೇಳಿ. ಎಮರ್ಜೆನ್ಸಿಯಲ್ಲಿ ಇರುವವರಿಗೆ ನೋಡಿದರೆ ಅದು ಗೊತ್ತಾಗುವುದಿಲ್ಲ.

ಆರನೇ ವಾರದವರೆಗೂ ಬಿಡಬೇಡಿ

ಮೊದಲ ವಾರ ಮನೆ ತುಂಬಾ ಜನ, ಮೂರನೇ ವಾರಕ್ಕೆ ಯಾರೂ ಇಲ್ಲ. ಆದರೆ ಮಗುವಿನ ಅಳು ಅತಿ ಜಾಸ್ತಿಯಾಗುವುದು ಆರನೇ ವಾರದ ಹೊತ್ತಿಗೆ. ನೀವು ಗೆಳತಿಯೋ ಪಕ್ಕದ ಮನೆಯವರೋ ಆಗಿದ್ದರೆ ನಿಮ್ಮ ಸರದಿಯನ್ನು ಆಗಿನವರೆಗೆ ಎತ್ತಿಡಿ. ಅಳು ತಡೆಯಲಾಗದಿದ್ದರೆ ಮಗುವನ್ನು ಅಂಗಾತ ಮಲಗಿಸಿ ಹತ್ತು ನಿಮಿಷ ಆಚೆ ಹೋಗಿ ಬರಬಹುದು, ಅಲುಗಾಡಿಸಬಾರದು, ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿ.

ಆಸ್ಪತ್ರೆಯಿಂದ ಬಂದ ಮೇಲೆ ಕನಿಷ್ಠ ಮೂರು ಸಲ ತಪಾಸಣೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ: ಹೆರಿಗೆಯಾದಾಗಿನಿಂದ ಲೆಕ್ಕ ಹಾಕಿ 48ರಿಂದ 72 ಗಂಟೆಯೊಳಗೆ, 7ರಿಂದ 14 ದಿನದ ನಡುವೆ, ಮತ್ತೆ ಆರನೇ ವಾರದಲ್ಲಿ. ಕೊನೆಯದನ್ನೇ ಹೆಚ್ಚಿನವರು ತಪ್ಪಿಸುವುದು, ಮಗುವಿನ ಲಸಿಕೆಗೆ ಮಾತ್ರ ಹೋಗಿ ಬಂದುಬಿಡುತ್ತಾರೆ. ಸೋರುವ ಮೂತ್ರ, ಹೊಲಿಗೆಯ ನೋವು, ಮನಸ್ಸಿನ ಸ್ಥಿತಿ, ಗರ್ಭನಿರೋಧಕ, ಎಲ್ಲ ಕೇಳಬೇಕಾದ್ದು ಅಲ್ಲೇ. ಮುಟ್ಟು ವಾಪಸ್ ಬರುವ ಮುಂಚೆಯೇ ಮತ್ತೆ ಬಸುರಾಗುವ ಸಾಧ್ಯತೆ ಇದೆ ಅನ್ನುವುದು ಎಷ್ಟೋ ದಂಪತಿಗಳಿಗೆ ಗೊತ್ತಿರುವುದಿಲ್ಲ. ಹಿಂದಿನ ದಿನವೇ ಅವಳ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವಂತೆ ನೆನಪಿಸಿ. ಅವಳು ಒಳಗೆ ಹೋದಾಗ ನೀವು ಮಗುವನ್ನು ಎತ್ತಿಕೊಂಡು ಹೊರಗೆ ಓಡಾಡುತ್ತಿರಿ, ಅಳುತ್ತಿದೆ ಅಂತ ಪದೇಪದೇ ಬಾಗಿಲು ತಟ್ಟಬೇಡಿ.