ಕರೆಂಟು ಬಂತು, ಪ್ರಿಂಟರ್ ಬರಲಿಲ್ಲ: ವೈ-ಫೈ ಪ್ರಿಂಟರ್ ಜೋಡಿಸುವುದು ಹೇಗೆ?

ತೊಗರಿ ಸುಗ್ಗಿಯ ದಿನಗಳು. ಕಲಬುರಗಿಯ ನೆಹರೂ ಗಂಜ್‌ನ ಅಡತಿ ಅಂಗಡಿಯೊಂದರಿಂದ ಬೆಳಿಗ್ಗೆಯೇ ಫೋನು ಬಂತು. ಮಾತಾಡಿದವರು ಅಲ್ಲಿನ ಮುನೀಮರು.

“ತಮ್ಮಾ, ಪ್ರಿಂಟರ್ ಆಫ್‌ಲೈನ್ ಅಂತ ತೋರಸ್ಲಾಕತ್ತದ. ನಿನ್ನಿ ತನಾ ಛಲೋ ಇತ್ತು. ನಾ ಏನೂ ಮುಟ್ಟಿಲ್ಲ ನೋಡಪಾ.”

“ಕಾಕಾ, ರಾತ್ರಿ ಕರೆಂಟ್ ಹೋಗಿತ್ತೇನ್ರಿ?”

“ಹೂಂ, ಎರಡ್ ಸಲ ಹೋಗಿ ಬಂತು. ಅದಕ್ಕೂ ಇದಕ್ಕೂ ಏನ್ ಸಂಬಂಧ?”

ಸಂಬಂಧ ಇದೆ. ಪ್ರಿಂಟರ್ ಕೆಟ್ಟಿರಲಿಲ್ಲ, ಹಾಳೆಯೂ ಇತ್ತು, ಟೋನರೂ ಇತ್ತು. ಕರೆಂಟು ಹೋಗಿ ಬಂದಾಗ ಅದರ ವಿಳಾಸ ಬದಲಾಗಿತ್ತು. ಕಂಪ್ಯೂಟರ್ ಮಾತ್ರ ಹಳೇ ವಿಳಾಸಕ್ಕೇ ಬಿಲ್ ಕಳಿಸುತ್ತ ಕೂತಿತ್ತು. ವೈ-ಫೈ ಪ್ರಿಂಟರ್ ಕೂಡಿಸುವುದರಲ್ಲಿ ಎರಡು ಕೆಲಸಗಳಿವೆ. ಅದನ್ನು ನೆಟ್‌ವರ್ಕಿಗೆ ಸೇರಿಸುವುದು ಒಂದು, ಸೇರಿದ ಮೇಲೆ ಒಂದೇ ವಿಳಾಸದಲ್ಲಿ ಕೂರಿಸುವುದು ಇನ್ನೊಂದು. ಕೂಡಿಸಿಕೊಡಲು ಬರುವ ಹುಡುಗರು ಮೊದಲನೆಯದನ್ನು ಮುಗಿಸಿ, ಒಂದು ಹಾಳೆ ಹೊಡೆದು ತೋರಿಸಿ, ಚಹಾ ಕುಡಿದು ಹೋಗಿಬಿಡುತ್ತಾರೆ. ಎರಡನೆಯದು ಉಳಿದುಬಿಡುತ್ತದೆ.

ಎಲ್ಲಿ ಇಡಬೇಕು?

ಮೊದಲು ಡಬ್ಬಿಯ ಮೇಲೆ ವೈ-ಫೈ ಎಂದು ಬರೆದಿದೆಯೇ ನೋಡಿ. ಒಂದೇ ಹೆಸರಿನ ಮಾದರಿಯಲ್ಲಿ ಬರೀ ಯುಎಸ್‌ಬಿ ಇರುವ ಅಗ್ಗದ ಪ್ರಿಂಟರೂ ಇರುತ್ತದೆ, ನೋಡಲಿಕ್ಕೆ ಎರಡೂ ಒಂದೇ ಥರ. ಹೆಸರಿನ ಕೊನೆಯ ಒಂದಕ್ಷರದಲ್ಲಷ್ಟೇ ವ್ಯತ್ಯಾಸ.

ಇನ್ನು ಜಾಗ. ಬ್ರಹ್ಮಪುರದ ಕಡೆ ನಮ್ಮ ಬಳಗದವರೊಬ್ಬರ ಹಳೇ ಮನೆಯಿದೆ, ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಬೇಸಿಗೆಯಲ್ಲಿ ಒಳಗೆ ಕೂತರೆ ಹೊರಗಿನ ಬಿಸಿಲು ಗೊತ್ತಾಗುವುದಿಲ್ಲ. ವೈ-ಫೈ ಕೂಡ ಗೊತ್ತಾಗುವುದಿಲ್ಲ! ಮೊದಲು ದೀಪ ಇಡುತ್ತಿದ್ದ ಗೋಡೆಯ ಮಾಡದಲ್ಲಿ ರೂಟರ್ ಇಟ್ಟಿದ್ದರು. ನೋಡಲಿಕ್ಕೆ ಚಂದ, ಆದರೆ ಮೂರು ಕಡೆ ಕಲ್ಲು. ಪ್ರಿಂಟರ್ ಪಕ್ಕದ ಕೋಣೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ. ರೂಟರನ್ನು ಮಾಡದಿಂದ ತೆಗೆದು ಬಾಗಿಲ ಮೇಲಿನ ಹಲಗೆಗೆ ಏರಿಸಿದೆವು, ಅಷ್ಟಕ್ಕೇ ಸರಿಹೋಯಿತು. ಪ್ರಿಂಟರನ್ನು ಮೊದಲ ಸಲ ಜೋಡಿಸುವಾಗ ರೂಟರಿನ ಹತ್ತಿರವೇ ಒಯ್ದು ಇಟ್ಟುಕೊಳ್ಳಿ. ಸೇರಿಕೊಂಡ ಮೇಲೆ ಅದರ ಕಾಯಂ ಜಾಗಕ್ಕೆ ಸಾಗಿಸಬಹುದು.

ಅರ್ಧ ಜಗಳ ಬರುವುದು ಇಲ್ಲಿಯೇ

ಈಗಿನ ರೂಟರ್‌ಗಳು ಎರಡು ಬ್ಯಾಂಡ್‌ಗಳಲ್ಲಿ ಸಿಗ್ನಲ್ ಬಿಡುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಐದರದ್ದು ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಮನೆಗೆ, ಸಣ್ಣ ಅಂಗಡಿಗೆ ಬರುವ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಮಾತ್ರ ತಿಳಿಯುತ್ತದೆ. ರೂಟರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದ್ದು ನಿಮ್ಮ ಫೋನು ‘5ಜಿ’ ಎಂಬ ಬಾಲವಿರುವ ಹೆಸರಿಗೆ ಅಂಟಿಕೊಂಡಿದ್ದರೆ, ಆ ಹೆಸರು ಪ್ರಿಂಟರ್‌ಗೆ ಕಾಣಿಸುವುದೇ ಇಲ್ಲ. (ಈ 5ಜಿಗೂ ಮೊಬೈಲ್ ಕಂಪನಿಯ 5ಜಿಗೂ ಸಂಬಂಧವಿಲ್ಲ.) ಜೋಡಿಸುವ ಮುನ್ನ ಫೋನನ್ನು ಬಾಲವಿಲ್ಲದ ಹೆಸರಿಗೆ ಬದಲಿಸಿ.

ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದರೆ ಸಾಮಾನ್ಯವಾಗಿ ತೊಂದರೆಯಾಗದು. ಆದರೂ ಪ್ರಿಂಟರ್ ಹಟ ಹಿಡಿದರೆ ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ (ಅದನ್ನು ತೆರೆಯುವ ಬಗೆ ಮುಂದೆ ಹೇಳಿದ್ದೇನೆ) 5 ಗಿಗಾಹರ್ಟ್ಸ್ ಅನ್ನು ಹತ್ತು ನಿಮಿಷ ಬಂದ್ ಮಾಡಿ, ಪ್ರಿಂಟರ್ ಸೇರಿಸಿ, ಮತ್ತೆ ಚಾಲೂ ಮಾಡಿ. ಅಲ್ಲಿಯೇ ಭದ್ರತೆಯ ಆಯ್ಕೆಯಲ್ಲಿ ಬರೀ ಡಬ್ಲ್ಯುಪಿಎ3 (ವೈ-ಫೈಗೆ ಬೀಗ ಹಾಕುವ ಹೊಸ ಪದ್ಧತಿ) ಇದ್ದರೆ ಹಳೇ ಪ್ರಿಂಟರ್ ಒಳಗೆ ಬರುವುದಿಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡೂ ಕೂಡಿದ ಆಯ್ಕೆ ಇಡಿ. ವೈ-ಫೈ ಹೆಸರಿನಲ್ಲಿ ಇಮೋಜಿ ಗಿಮೋಜಿ ಬೇಡ.

ಸೇರಿಸುವ ದಾರಿಗಳು

ಪ್ರಿಂಟರ್‌ಗೆ ಪರದೆ ಇದ್ದರೆ ನೀವು ಅದೃಷ್ಟವಂತರು. ಸೆಟ್ಟಿಂಗ್ಸ್, ನೆಟ್‌ವರ್ಕ್, ವೈರ್‌ಲೆಸ್ ಸೆಟಪ್ ವಿಝಾರ್ಡ್ ಎಂದು ಒಳಗೆ ಹೋಗಿ, ನಿಮ್ಮ ವೈ-ಫೈ ಹೆಸರನ್ನು ಆರಿಸಿ, ಪಾಸ್‌ವರ್ಡ್ ಹಾಕಿ. ಆ ಸಣ್ಣ ಪರದೆಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ತಪ್ಪುವುದು ಸಹಜ. ರೂಟರ್ ಅಡಿಯ ಚೀಟಿಯಲ್ಲಿರುವುದು ಸೊನ್ನೆಯೋ ‘ಓ’ ಅಕ್ಷರವೋ ಎಂದು ಕಣ್ಣಿಗೆ ಹತ್ತಿರ ಹಿಡಿದು ನೋಡಿ.

ಎರಡನೆಯದು ಡಬ್ಲ್ಯುಪಿಎಸ್ ಗುಂಡಿ. ಪ್ರಿಂಟರ್‌ನ ವೈ-ಫೈ ಗುಂಡಿಯನ್ನು ದೀಪ ಮಿಣುಕುವ ತನಕ ಒತ್ತಿಹಿಡಿದು, 2 ನಿಮಿಷದೊಳಗೆ ರೂಟರಿನ ಡಬ್ಲ್ಯುಪಿಎಸ್ ಗುಂಡಿಯನ್ನೂ ಒತ್ತಿ. ಪಾಸ್‌ವರ್ಡ್ ಬೇಕಿಲ್ಲ. ದೀಪ ಮಿಣುಕುವುದು ಬಿಟ್ಟು ನಿಂತು ಉರಿದರೆ ಸೇರಿಕೊಂಡಿತು ಎಂದರ್ಥ. ಕೆಲಸವಾದ ಮೇಲೆ ರೂಟರ್‌ನಲ್ಲಿ ಡಬ್ಲ್ಯುಪಿಎಸ್ ಬಂದ್ ಮಾಡಿಬಿಡುವುದು ನನ್ನ ರೂಢಿ. ಗುಂಡಿಯ ಬದಲು 8 ಅಂಕಿಯ ಪಿನ್ ಹಾಕುವ ಅದರ ಇನ್ನೊಂದು ವಿಧಾನವನ್ನು ಊಹಿಸಿ ಮುರಿಯಬಹುದೆಂದು 2011ರಲ್ಲೇ ಬಯಲಾಗಿದೆ.

ಮೂರನೆಯದು ಕಂಪನಿಯ ಆ್ಯಪ್. ಪರದೆಯಿಲ್ಲದ ಪ್ರಿಂಟರ್‌ಗೆ ಈಗ ಹೆಚ್ಚಾಗಿ ಇದೇ ದಾರಿ, ಜನ ಹೆಚ್ಚು ಎಡವುವುದೂ ಇಲ್ಲೇ. ಒಳಗೆ ಏನು ನಡೆಯುತ್ತದೆಂದು ತಿಳಿದರೆ ಎಡವುವುದಿಲ್ಲ. ಹೊಸ ಪ್ರಿಂಟರ್ ಚಾಲೂ ಆದಾಗ ತಾನೇ ಒಂದು ಪುಟ್ಟ ವೈ-ಫೈ ಹಬ್ಬಿಸುತ್ತದೆ. ಆ್ಯಪ್ ನಿಮ್ಮ ಫೋನನ್ನು ಸ್ವಲ್ಪ ಹೊತ್ತು ಆ ವೈ-ಫೈಗೆ ದಾಟಿಸಿ, ಮನೆಯ ವೈ-ಫೈ ಹೆಸರು ಮತ್ತು ಪಾಸ್‌ವರ್ಡನ್ನು ಪ್ರಿಂಟರ್‌ಗೆ ಹೇಳಿ, ಮತ್ತೆ ವಾಪಸು ಕರೆತರುತ್ತದೆ. ಪ್ರಿಂಟರ್‌ನ ಆ ಪುಟ್ಟ ವೈ-ಫೈಯಲ್ಲಿ ಇಂಟರ್‌ನೆಟ್ ಇರುವುದಿಲ್ಲ. ಅದನ್ನು ಕಂಡ ಫೋನು ‘ಇಲ್ಲಿ ನೆಟ್ ಇಲ್ಲ’ ಎಂದು ಜಾಣತನ ಮಾಡಿ ಮೊಬೈಲ್ ಡೇಟಾಕ್ಕೆ ಜಿಗಿಯುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಮೊದಲು ಮೊಬೈಲ್ ಡೇಟಾ ಬಂದ್ ಮಾಡಿ. ವಿಪಿಎನ್ ಇದ್ದರೆ ಅದನ್ನೂ. ಲೊಕೇಶನ್ ಚಾಲೂ ಇಡಿ, ಆ್ಯಪ್ ಕೇಳಿದ ಅನುಮತಿ ಕೊಡಿ. ಪ್ರಿಂಟರ್‌ಗೆ ನೀವು ಯಾವ ಓಣಿಯಲ್ಲಿದ್ದೀರಿ ಎಂಬುದು ಬೇಕಿಲ್ಲ. ಲೊಕೇಶನ್ ಇಲ್ಲದೆ ಸುತ್ತಲಿನ ವೈ-ಫೈ ಹುಡುಕಲು ಆಂಡ್ರಾಯ್ಡ್ ಆ್ಯಪ್‌ಗಳಿಗೆ ಬಿಡುವುದಿಲ್ಲ, ಅಷ್ಟೆ.

ಡಬ್ಬಿ ಬಿಚ್ಚಿ ಚಾಲೂ ಮಾಡಿ ಊಟಕ್ಕೆ ಹೋಗಿ ಬಂದರೆ ಕೆಲವು ಪ್ರಿಂಟರ್‌ಗಳ ಆ ಪುಟ್ಟ ವೈ-ಫೈ ಮಲಗಿರುತ್ತದೆ. ಆಗ ವೈ-ಫೈ ಗುಂಡಿಯನ್ನು ಒತ್ತಿಹಿಡಿದು ನೆಟ್‌ವರ್ಕ್ ಸೆಟ್ಟಿಂಗ್ ಹೊಸದು ಮಾಡಬೇಕು. ಎಷ್ಟು ಸೆಕೆಂಡು, ಜೊತೆಗೆ ಇನ್ಯಾವ ಗುಂಡಿ ಎಂಬುದು ಮಾದರಿಗೊಂದು ಥರ, ಡಬ್ಬಿಯೊಳಗಿನ ಚೀಟಿ ಎಸೆಯಬೇಡಿ.

ಮನೆಯಲ್ಲಿ ರೂಟರೇ ಇಲ್ಲ, ಫೋನಿನ ಹಾಟ್‌ಸ್ಪಾಟೇ ಗತಿ ಎನ್ನುವವರೂ ಇದ್ದಾರೆ. ನಡೆಯುತ್ತದೆ, ಹಾಟ್‌ಸ್ಪಾಟ್ 2.4ರಲ್ಲಿರಲಿ. ಆದರೆ ಆ ಫೋನು ಜೇಬಿನಲ್ಲಿ ಪೇಟೆಗೆ ಹೋದರೆ ಪ್ರಿಂಟರ್ ಅನಾಥ. ಅಂಥವರಿಗೆ ವೈ-ಫೈ ಡೈರೆಕ್ಟ್ ವಾಸಿ, ಫೋನು ನೇರವಾಗಿ ಪ್ರಿಂಟರ್‌ಗೇ ಕೂಡಿಕೊಳ್ಳುತ್ತದೆ.

ವಿಳಾಸ ಕಟ್ಟಿಹಾಕುವುದು

ಈಗ ಮುನೀಮರ ಪ್ರಶ್ನೆಗೆ ಬರೋಣ. ಖಾಜಾ ಬಂದಾನವಾಜ್ ಉರುಸಿನ ಹೊತ್ತಿಗೆ ಸ್ಟೇಷನ್ ಹತ್ತಿರದ ಲಾಡ್ಜ್ ನೆನೆಸಿಕೊಳ್ಳಿ. ಬಂದವರಿಗೆ ಬಂದ ಸರದಿಯಲ್ಲಿ ಖಾಲಿ ಇರುವ ರೂಮಿನ ಕೀ ಕೊಡುತ್ತಾರೆ. ರೂಟರ್ ಮಾಡುವುದೂ ಅದನ್ನೇ. ಮನೆಯ ಪ್ರತಿ ಫೋನು, ಟಿವಿ, ಪ್ರಿಂಟರ್‌ಗೆ ಒಂದೊಂದು ಐಪಿ ವಿಳಾಸ ಹಂಚುತ್ತದೆ. ಕರೆಂಟು ಹೋಗಿ ಬಂದಾಗ ಬಹಳಷ್ಟು ಮನೆ ರೂಟರ್‌ಗಳಿಗೆ ಹಳೇ ಲೆಡ್ಜರ್ ಮರೆತುಹೋಗಿರುತ್ತದೆ, ಹಂಚಿಕೆ ಮತ್ತೆ ಶುರು. ನಿನ್ನೆ 192.168.1.5ರಲ್ಲಿದ್ದ ಪ್ರಿಂಟರ್ ಇಂದು 192.168.1.8ರಲ್ಲಿ. 5ರಲ್ಲಿ ಸಾಹುಕಾರರ ಮಗನ ಫೋನು ಕೂತಿದೆ. ಆ ಫೋನು ಬಿಲ್ ಹೊಡೆಯುತ್ತದೆಯೇ?

ಹಾಗಾಗಿ ಪ್ರಿಂಟರ್‌ಗೆ ಒಂದು ರೂಮು ಕಾಯಂ ಬರೆಸಬೇಕು. ಮೊದಲು ಪ್ರಿಂಟರ್‌ನಿಂದಲೇ ನೆಟ್‌ವರ್ಕ್ ವರದಿಯ ಹಾಳೆ ಹೊಡೆಸಿ. ಪರದೆ ಇದ್ದರೆ ನೆಟ್‌ವರ್ಕ್ ಮೆನುವಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಗುಂಡಿ ಒತ್ತುವ ಕ್ರಮ ಚೀಟಿಯಲ್ಲಿದೆ. ಆ ಹಾಳೆಯಲ್ಲಿ ಎರಡು ಸಾಲು ಹುಡುಕಿ: ಐಪಿ ವಿಳಾಸ ಮತ್ತು ಮ್ಯಾಕ್ ವಿಳಾಸ. ಮ್ಯಾಕ್ ಎಂದರೆ ಎರಡೆರಡರಂತೆ ಆರು ಜೋಡಿ ಅಂಕಿ-ಅಕ್ಷರ, ಅದು ಯಂತ್ರದ ಜೊತೆಯೇ ಹುಟ್ಟಿದ ಗುರುತು. ಐಪಿ 169.254 ಎಂದು ಶುರುವಾಗಿದ್ದರೆ ಮುಂದೆ ಹೋಗಬೇಡಿ. ರೂಟರ್‌ನಿಂದ ಕೀ ಸಿಗದೆ ಪ್ರಿಂಟರ್ ತನಗೆ ತಾನೇ ಒಂದು ನಂಬರ್ ಕೊಟ್ಟುಕೊಂಡಿದೆ, ಅಂದರೆ ಇನ್ನೂ ಸೇರಿಯೇ ಇಲ್ಲ.

ಸರಿಯಿದ್ದರೆ ಕಂಪ್ಯೂಟರ್ ಬ್ರೌಸರ್‌ನಲ್ಲಿ ರೂಟರ್ ಪುಟ ತೆರೆಯಿರಿ. ವಿಳಾಸ 192.168.1.1 ಅಥವಾ 192.168.0.1, ಕೆಲವು ಫೈಬರ್ ರೂಟರ್‌ಗಳಲ್ಲಿ 192.168.29.1. ರೂಟರ್ ಅಡಿಯ ಚೀಟಿಯಲ್ಲಿ ಲಾಗಿನ್ ಇರುತ್ತದೆ. ಒಳಗೆ ಲ್ಯಾನ್ ಅಥವಾ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸದ ಹೆಸರು) ವಿಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಎಂಬ ಸಾಲು ಹುಡುಕಿ. ಪ್ರಿಂಟರ್‌ನ ಮ್ಯಾಕ್ ವಿಳಾಸ ತುಂಬಿ, ಎದುರಿಗೆ ಆ ಹಾಳೆಯಲ್ಲಿರುವ ಐಪಿಯನ್ನೇ ಬರೆದು ಸೇವ್ ಮಾಡಿ. ಪ್ರಿಂಟರ್ ಬಂದ್ ಮಾಡಿ ಚಾಲೂ ಮಾಡಿ. ಮುಂದೆ ಎಷ್ಟು ಸಲ ಕರೆಂಟು ಹೋದರೂ ಅದೇ ಕೀ.

ಪ್ರಿಂಟರ್‌ನೊಳಗೇ ಸ್ಥಿರ ಐಪಿ ಬರೆಯುವುದೂ ಒಂದು ವಿಧಾನ. ನನಗೆ ಅದು ಅಷ್ಟು ಸೇರುವುದಿಲ್ಲ. ರೂಟರ್‌ಗೆ ತಿಳಿಯದೆ ರೂಮು ಹಿಡಿದಂತೆ ಅದು, ಆ ನಂಬರನ್ನೇ ರೂಟರ್ ಇನ್ನೊಬ್ಬರಿಗೂ ಕೊಟ್ಟುಬಿಡಬಹುದು.

ಕಂಪ್ಯೂಟರ್‌ಗೆ, ಫೋನಿಗೆ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಆ್ಯಂಡ್ ಡಿವೈಸಸ್, ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್ ಎಂದು ಹೋಗಿ ‘ಆ್ಯಡ್ ಡಿವೈಸ್’ ಒತ್ತಿ. ಪ್ರಿಂಟರ್ ತಾನೇ ಕಾಣಿಸಿಕೊಂಡರೆ ಸೇರಿಸಿ. ಕಾಣದಿದ್ದರೆ, ಅಥವಾ ಆಗಾಗ ಆಫ್‌ಲೈನ್ ಆಗುತ್ತಿದ್ದರೆ, ‘ಆ್ಯಡ್ ಮ್ಯಾನ್ಯುವಲಿ’ ಒತ್ತಿ, ಟಿಸಿಪಿ/ಐಪಿ ವಿಳಾಸದಿಂದ ಸೇರಿಸುವ ಆಯ್ಕೆ ಹಿಡಿದು, ಕಾಯಂ ಮಾಡಿದ ಐಪಿ ಬರೆಯಿರಿ. ಅಂಗಡಿ, ಆಫೀಸುಗಳಲ್ಲಿ ನಾನು ಮಾಡುವುದು ಎರಡನೆಯದನ್ನೇ. ಪಟ್ಟಿಯಲ್ಲಿ ಅದೇ ಪ್ರಿಂಟರಿನ ಹೆಸರಿಗೆ ಅಂಟಿಕೊಂಡ ಹಳೇ ‘ಕಾಪಿ 1’, ‘ಕಾಪಿ 2’ಗಳನ್ನು ಅಳಿಸಿ, ಇಲ್ಲವಾದರೆ ನಾಳೆ ಬಿಲ್ಲು ಸತ್ತ ಪ್ರಿಂಟರ್‌ಗೇ ಹೋಗುತ್ತದೆ. ಅದೇ ಪುಟದಲ್ಲಿ ಡೀಫಾಲ್ಟ್ ಪ್ರಿಂಟರನ್ನು ವಿಂಡೋಸ್ ನೋಡಿಕೊಳ್ಳಲಿ ಎಂಬ ಗುಂಡಿಯಿದೆ, ಅದನ್ನು ಬಂದ್ ಮಾಡಿ ನಿಮ್ಮ ಪ್ರಿಂಟರನ್ನೇ ಡೀಫಾಲ್ಟ್ ಇಡಿ.

ಒಂದು ಕಡತ ನಡುವೆ ಸಿಕ್ಕಿ ಹಿಂದಿನವೆಲ್ಲ ಸಾಲುಗಟ್ಟಿದ್ದರೆ, ಸ್ಟಾರ್ಟ್‌ನಲ್ಲಿ ‘ಸರ್ವಿಸಸ್’ ಹುಡುಕಿ, ಪ್ರಿಂಟಿನ ಸರದಿ ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ರೀಸ್ಟಾರ್ಟ್’ ಕೊಡಿ. ಕಂಪ್ಯೂಟರನ್ನೇ ಬಂದ್ ಮಾಡುವುದಕ್ಕಿಂತ ಬೇಗ.

ಫೋನಿನ ಕೆಲಸ ಸಲೀಸು. ಆ್ಯಪಲ್‌ನ ಏರ್‌ಪ್ರಿಂಟ್ 2010ರಿಂದ ಇದೆ. ಆಂಡ್ರಾಯ್ಡ್ 8ರಿಂದ ಈಚೆಗೆ ಫೋನಿನೊಳಗೇ ಪ್ರಿಂಟ್ ಸೇವೆ ಇದೆ. ಅದಕ್ಕೆ ಕಾಣದಿದ್ದರೆ ಪ್ಲೇ ಸ್ಟೋರ್‌ನಿಂದ ಮೋಪ್ರಿಯಾ ಆ್ಯಪ್ ಹಾಕಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಹಣಿಯನ್ನೋ ಹಾಲ್ ಟಿಕೆಟನ್ನೋ ಪಿಡಿಎಫ್ ಓದುವ ಆ್ಯಪ್‌ನಲ್ಲಿ ತೆರೆದು, ಮೂರು ಚುಕ್ಕಿ ಒತ್ತಿ, ಪ್ರಿಂಟ್ ಆರಿಸಿದರೆ ಆಯಿತು. ಫೋನು ಮತ್ತು ಪ್ರಿಂಟರ್ ಒಂದೇ ವೈ-ಫೈಯಲ್ಲಿರಬೇಕು ಎಂಬುದೊಂದೇ ಕಟ್ಟಳೆ. ಗೆಸ್ಟ್ ವೈ-ಫೈಯಲ್ಲಿದ್ದರೆ ಆಗದು, ಅದು ಒಬ್ಬರಿಗೊಬ್ಬರು ಕಾಣದಂತೆ ಕಟ್ಟಿದ ಜಾಗ.

ಕೋರ್ಟಿನ ಕಾಗದ, ಕಕ್ಷಿದಾರರ ಆಧಾರ್ ನಕಲು ಹೊಡೆಯುವ ವಕೀಲರ ಕಚೇರಿಗಳಲ್ಲಿ ಇದನ್ನೇ ಲಾಭವಾಗಿ ಬಳಸಬಹುದು. ಬಂದವರು ಪಾಸ್‌ವರ್ಡ್ ಕೇಳಿದರೆ ಗೆಸ್ಟ್ ವೈ-ಫೈ ಕೊಡಿ, ಪ್ರಿಂಟರ್ ಒಳಗಿನ ನೆಟ್‌ವರ್ಕಿನಲ್ಲೇ ಇರಲಿ. ಪ್ರಿಂಟರ್‌ನ ಐಪಿಯನ್ನು ಬ್ರೌಸರ್‌ನಲ್ಲಿ ಬರೆದರೆ ಅದರದೇ ಸೆಟ್ಟಿಂಗ್ ಪುಟ ತೆರೆಯುತ್ತದೆ, ಅಲ್ಲಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಗಂಜ್‌ನ ಅಂಗಡಿಯಲ್ಲಿ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಕೂಡ ಹಾಕಿಸಿದೆ. ಲೇಸರ್ ಪ್ರಿಂಟರನ್ನು ಮಾತ್ರ ಆ ಯುಪಿಎಸ್‌ಗೆ ಚುಚ್ಚಬಾರದೆಂದು ಹೇಳಿದೆ, ಅದರ ಹೀಟರ್ ಒಮ್ಮೆಗೇ ಜಗ್ಗುವ ಕರೆಂಟು ಸಣ್ಣ ಯುಪಿಎಸ್‌ಗೆ ತಡೆಯುವುದಿಲ್ಲ. ಮುನ್ನೆಚ್ಚರಿಕೆಗೆ ಐಪಿ ನಂಬರನ್ನು ಪ್ರಿಂಟರ್ ಪಕ್ಕಕ್ಕೆ ಮಾರ್ಕರ್‌ನಿಂದ ಬರೆದೆ.

ಆರು ತಿಂಗಳಾದ ಮೇಲೆ ಅವರು ನೆಟ್ ಕಂಪನಿ ಬದಲಿಸಿದರು, ಹೊಸ ರೂಟರ್ ಬಂತು. ಹೊಸ ರೂಟರ್‌ಗೆ ಹಳೇ ವೈ-ಫೈ ಹೆಸರು, ಹಳೇ ಪಾಸ್‌ವರ್ಡನ್ನೇ ಚಾಚೂ ತಪ್ಪದೆ ಇಟ್ಟರೆ ಪ್ರಿಂಟರ್, ಫೋನು, ಕಂಪ್ಯೂಟರ್ ಎಲ್ಲವೂ ತಾವೇ ಸೇರಿಕೊಳ್ಳುತ್ತವೆ. ರೂಮಿನ ಕೀಯನ್ನು ಮಾತ್ರ ಹೊಸ ರೂಟರ್‌ನಲ್ಲಿ ಮತ್ತೆ ಬರೆಸಬೇಕು, ರೂಟರ್ ವಿಳಾಸವೇ ಬೇರೆಯಾದರೆ ಕಂಪ್ಯೂಟರ್‌ನಲ್ಲೂ ನಂಬರ್ ತಿದ್ದಬೇಕು. ಅದಕ್ಕೆಂದು ಹೋದಾಗ ನಾನು ಬರೆದ ನಂಬರಿನ ಕೆಳಗೆ ಮುನೀಮರು ಅದೇ ಮಾರ್ಕರ್‌ನಿಂದ ಆವತ್ತಿನ ತೊಗರಿ ರೇಟು ಬರೆದಿದ್ದರು. ನಾನು ಹೊಸ ನಂಬರನ್ನು ಇನ್ನೊಂದು ಪಕ್ಕಕ್ಕೆ ಬರೆದೆ.