ಒಂದು ಪೈಸೆಯಿಂದ ನಾಕಾಣೆವರೆಗೆ: ನನ್ನ ಸೆಟ್ ತುಂಬಿದ್ದು ಹೀಗೆ

ಹಳೇ ಚಿಲ್ಲರೆ ಕೂಡಿಡೋರು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ, ಆದ್ರೆ "ಮುಗೀತು, ಒಂದೂ ಬಾಕಿ ಇಲ್ಲ" ಅನ್ನೋರು ಕಮ್ಮಿ. ಎಲ್ಲಿಂದ ಎಲ್ಲಿವರೆಗೆ ಅಂತ ಮೊದಲೇ ಗೆರೆ ಹಾಕ್ಕೊಳ್ಳದೇ ಇರೋದೇ ಇದಕ್ಕೆ ಕಾರಣ ಅಂತ ನನ್ನ ನಂಬಿಕೆ. ನಾನು ಹಾಕ್ಕೊಂಡ ಗೆರೆ ಇಷ್ಟೇ: 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂತಲ್ಲ, ಅಲ್ಲಿಂದ ಶುರು, 1 ಪೈಸೆಯಿಂದ 25 ಪೈಸೆವರೆಗೆ, ಚಲಾವಣೆಗೆ ಬಿಟ್ಟ ಪ್ರತಿ ವರ್ಷದ್ದೂ ಒಂದೊಂದು. ನಾಕಾಣೆಗೇ ಯಾಕೆ ನಿಲ್ಲಿಸಿದೆ ಅಂದ್ರೆ 25 ಪೈಸೆ ಮತ್ತೆ ಅದಕ್ಕಿಂತ ಚಿಕ್ಕದನ್ನೆಲ್ಲಾ ಸರ್ಕಾರ 2011ರ ಜೂನ್ ಕೊನೆಗೆ ಚಲಾವಣೆಯಿಂದ ತೆಗೆದುಬಿಡ್ತು, ಇನ್ಮೇಲೆ ಹೊಸದು ಬರೋ ಮಾತೇ ಇಲ್ಲ, ಹಂಗಾಗಿ ಇದು ನಿಜವಾಗ್ಲೂ ಮುಗಿಸಬಹುದಾದ ಸೆಟ್. ರೂಪಾಯಿ ಕಾಯಿನ್ ಹಂಗಲ್ಲ, ಅದು ಪ್ರತಿ ವರ್ಷ ಬೆಳೀತಾನೇ ಇರುತ್ತೆ.

ಮೊದಲು ಮಾಡಿದ್ದು ಚೆಕ್‌ಲಿಸ್ಟ್. ಉದ್ದದ ನೋಟ್‌ಬುಕ್ಕಲ್ಲಿ ಒಂದೊಂದು ಮುಖಬೆಲೆಗೆ ಒಂದೊಂದು ಪುಟ, ಎಡಗಡೆ ಇಸವಿ, ಬಲಗಡೆ ಲೋಹ ಮತ್ತೆ ಟಂಕಸಾಲೆ ಗುರುತು, ಅಂದ್ರೆ ಕಾಸನ್ನ ಯಾವ ಊರಲ್ಲಿ ಹೊಡೆದ್ರು ಅಂತ ತೋರಿಸೋ ಪುಟ್ಟ ಚಿಹ್ನೆ. ಲೋಹ ಬರೀಲೇಬೇಕು, ಯಾಕಂದ್ರೆ ಒಂದೇ ಪೈಸೆ ಎಷ್ಟೋ ವೇಷ ಹಾಕಿದೆ. 1 ನಯಾ ಪೈಸೆ ಮೊದಲು ಕಂಚಿಂದು, ದುಂಡಗೆ. 1962ರಲ್ಲಿ ನಿಕ್ಕಲ್ ಹಿತ್ತಾಳೆಗೆ ಹೋಯ್ತು, 1965ಕ್ಕೆ ಅಲ್ಯೂಮಿನಿಯಂ ಚೌಕ ಆಯ್ತು. 10 ಪೈಸೆದಂತೂ ದೊಡ್ಡ ಕತೆ, ಮೊದಲು ತಾಮ್ರ ನಿಕ್ಕಲ್ಲಿನ ಬೆಳ್ಳಗಿನ ಹೂವಿನಂಚಿಂದು, 1968ರಿಂದ ಹಳದಿ, 1971ರಿಂದ ಅಲ್ಯೂಮಿನಿಯಂ, ಕೊನೆಗೆ 1988ರಿಂದ ಪುಟಾಣಿ ಸ್ಟೀಲು. 1964ರಲ್ಲಿ "ನಯಾ" ಅನ್ನೋದನ್ನ ಬಿಟ್ರು, ಅದಕ್ಕೆ ಆ ಇಸವಿಯವನ್ನ ಗಮನ ಇಟ್ಟು ನೋಡಬೇಕು.

ಗುರುತು ಓದೋದು ಕಷ್ಟ ಏನಲ್ಲ. ಇಸವಿ ಕೆಳಗೆ ವಜ್ರದಾಕಾರ ಇದ್ರೆ ಬಾಂಬೆ, ನಕ್ಷತ್ರ ಇದ್ರೆ ಹೈದರಾಬಾದ್, ಏನೂ ಇಲ್ಲದಿದ್ರೆ ಕಲ್ಕತ್ತಾ, ಆಮೇಲೆ 1988ರಿಂದ ನೋಯ್ಡಾದ ದುಂಡನೆ ಚುಕ್ಕೆ. ಆದ್ರೆ ಸವೆದ ಅಲ್ಯೂಮಿನಿಯಂ ಮೇಲೆ ನಕ್ಷತ್ರ ಯಾವುದು ವಜ್ರ ಯಾವುದು ಗೊತ್ತೇ ಆಗಲ್ಲ, ನೇರ ಬೆಳಕಲ್ಲಿ ನೋಡಿದ್ರೆ ಬರೀ ಹೊಳಪು. ಟೇಬಲ್ ಲ್ಯಾಂಪನ್ನ ಪಕ್ಕಕ್ಕೆ ಬಗ್ಗಿಸಿ, ಬೆಳಕು ಕಾಸಿನ ಮೇಲೆ ಅಡ್ಡಡ್ಡ ಬೀಳೋ ಹಂಗೆ ಮಾಡಿ, ಹತ್ತು ಪಟ್ಟಿನ ಲೆನ್ಸಲ್ಲಿ ನೋಡಿ, ನೆರಳು ಬಿದ್ದು ಆಕಾರ ಎದ್ದು ಬರುತ್ತೆ. ಜೊತೆಗೆ ಒಂದು ಅಯಸ್ಕಾಂತ ಇಟ್ಕೊಳಿ. 25 ಪೈಸೆಯಲ್ಲಿ 1968ರವರೆಗಿನವು ನಿಕ್ಕಲ್, ಅಂಟ್ಕೊಳುತ್ತೆ. 1972ರಿಂದ ಬಂದ ತಾಮ್ರ ನಿಕ್ಕಲ್ಲಿನವು ಅಂಟಲ್ಲ. ಘೇಂಡಾಮೃಗ ಇರೋ ಸ್ಟೀಲಿನವು ಮತ್ತೆ ಅಂಟುತ್ವೆ. ಇಸವಿ ಅಳಿಸಿ ಹೋಗಿದ್ದಾಗ ಇದೊಂದೇ ದಾರಿ.

ಎಲ್ಲಿ ಸಿಕ್ತು ಅಂತ ಎಲ್ರೂ ಕೇಳ್ತಾರೆ. ಮೊದಲ ಅರ್ಧ ದುಡ್ಡು ಕೊಡದೇ ಸಿಗುತ್ತೆ. ನೆಂಟರ ಮನೆಗಳ ದೇವರ ಕೋಣೆಯಲ್ಲಿ ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟ ಮುಡುಪು, ಹಳೇ ದಿನಸಿ ಅಂಗಡಿ ಗಲ್ಲಾಪೆಟ್ಟಿಗೆ ತಳ, ಟ್ರಂಕಿನ ಮೂಲೆ. ಮುಡುಪು ಮಾತ್ರ ಹಿರಿಯರನ್ನ ಕೇಳದೆ ಮುಟ್ಟಬೇಡಿ, ಅದು ಹರಕೆ, ನಮ್ಮ ದೊಡ್ಡಮ್ಮ ಹರಕೆ ತೀರಿದ್ದನ್ನ ಮಾತ್ರ ಬಿಚ್ಚಿ ಕೊಟ್ರು, ಅದರ ಬದಲಿಗೆ ನಾನು ಅಷ್ಟೇ ಸಂಖ್ಯೆಯ ರೂಪಾಯಿ ಹುಂಡಿಗೆ ಹಾಕಿ ಬಂದೆ. ಎರಡನೇದು ಗುಜರಿ. ಅಲ್ಯೂಮಿನಿಯಂ ಕಾಸನ್ನ ಕೇಜಿ ಲೆಕ್ಕದಲ್ಲಿ ತಗೋತಾರೆ, ಕೊಡ್ತಾರೆ. 1 ಪೈಸೆ ತೂಕ ಮುಕ್ಕಾಲು ಗ್ರಾಂ, ಅಂದ್ರೆ ಒಂದು ಕೇಜಿಗೆ ಸಾವಿರದ ಮುನ್ನೂರಕ್ಕೂ ಮೇಲೆ! ಅದನ್ನೆಲ್ಲಾ ಹಾಸಿ ಇಸವಿ ಪ್ರಕಾರ ಬೇರೆ ಮಾಡೋ ಕೆಲಸ ಇದೆಯಲ್ಲ, ಈ ಹವ್ಯಾಸದಲ್ಲಿ ನಂಗೆ ಅತೀ ಖುಷಿ ಕೊಟ್ಟಿದ್ದು ಅದೇ. ಡೀಲರ್ ಹತ್ರ ಹೋಗೋದು ಕೊನೆಗೆ, ಲಿಸ್ಟಲ್ಲಿ ಕೈಬೆರಳೆಣಿಕೆಯಷ್ಟು ಖಾಲಿ ಉಳಿದಾಗ, ಆ ಇಸವಿ ಹೆಸರು ಹೇಳಿ ಕೇಳಬೇಕು.

ಕಾಡಿದ್ದು ಯಾವುದು ಅಂದ್ರೆ 3 ಪೈಸೆ. ಆರು ಮೂಲೆಯ ಆ ಕಾಸು 1964ರಲ್ಲಿ ಬಂತು, 1971ರವರೆಗೆ ಚಲಾವಣೆಗೆ ಬಿಟ್ರು, ಆಮೇಲಿನ ಇಸವಿಗಳದ್ದು ಸಂಗ್ರಾಹಕರಿಗೆ ಅಂತ ಮಾಡಿದ ಪ್ರೂಫ್ ಸೆಟ್ಟಲ್ಲಿ ಮಾತ್ರ, ಅವನ್ನ ನಾನು ಲೆಕ್ಕಕ್ಕೆ ಇಟ್ಕೊಂಡಿಲ್ಲ. 68ರವರೆಗಿನವು ಸಲೀಸಾಗಿ ಸಿಕ್ವು, ಕೊನೆ ಮೂರು ವರ್ಷದವು ಮಾತ್ರ ಎಲ್ಲಾ ಮುಗಿದ ಮೇಲೂ ಬಾಕಿ. ಕೇಜಿಗಟ್ಲೆ ಜಾಲಾಡಿದ್ರೂ ಇಲ್ಲ. ಕೊನೆಗೆ ಬೆಂಗಳೂರಲ್ಲಿ ಒಂದು ನಾಣ್ಯ ಪ್ರದರ್ಶನದಲ್ಲಿ ಹಿರಿಯರೊಬ್ರು, ನನ್ನ ಹತ್ರ ಇದ್ದ ಹೆಚ್ಚಿನ 1969ರ ಗಾಂಧಿ 20 ಪೈಸೆಗಳನ್ನ ತಗೊಂಡು ಅವನ್ನ ಕೊಟ್ರು. "ದುಡ್ಡು ಬೇಡ ಕಣಪ್ಪಾ, ಬದಲಿ ಇದ್ರೆ ಕೊಡು" ಅಂದ್ರು. ಅದಕ್ಕೇ ಹೇಳೋದು, ಡೂಪ್ಲಿಕೇಟ್ ಬಿಸಾಕಬೇಡಿ.

ಕಮಲದ 20 ಪೈಸೆ ಬೇರೆ ತರದ ಕಷ್ಟ. 1968ರಿಂದ 71ರವರೆಗಿನ ಹಳದಿ ಕಾಸು, ಲಕ್ಷ್ಮೀ ಪೂಜೆಗೆ 108 ಇಡಬೇಕು ಅಂತ ಜನ ಕೊಂಡ್ಕೋತಾರೆ, ಹಂಗಾಗಿ ವರಮಹಾಲಕ್ಷ್ಮಿ, ದೀಪಾವಳಿ ಹತ್ರ ರೇಟ್ ಏರುತ್ತೆ. ಅದರಲ್ಲಿ ಚಿನ್ನ ಇದೆ ಅನ್ನೋ ಮಾತೂ ಓಡಾಡುತ್ತೆ, ಅದು ನಿಕ್ಕಲ್ ಹಿತ್ತಾಳೆ, ಚಿನ್ನ ಇಲ್ಲ. ಹಬ್ಬ ಕಳೆದ ಮೇಲೆ ಕೇಳಿ.

ಇಡೋ ವಿಷಯಕ್ಕೆ ಬರೋಣ. ಹುಣಸೆಹಣ್ಣು, ವಿಭೂತಿ, ಪಾತ್ರೆ ತೊಳೆಯೋ ಪುಡಿ, ಯಾವುದೂ ಬೇಡ. ಉಜ್ಜಿದ ಕಾಸು ಹೊಳೆಯುತ್ತೆ, ಆದ್ರೆ ಬೆಲೆ ಹೋಗುತ್ತೆ, ಅಕ್ಷರ ಸವೆಯುತ್ತೆ. ಮಣ್ಣಿದ್ರೆ ಬರೀ ನೀರಲ್ಲಿ ನೆನೆಸಿ, ಮೆತ್ತಗಿನ ಬಟ್ಟೆ ಮೇಲೆ ಒತ್ತಿ ಒಣಗಿಸಿ, ಅಷ್ಟೇ. ಅಲ್ಯೂಮಿನಿಯಂ ತೇವಕ್ಕೆ ಬಿಳೀ ಪುಡಿ ಬಿಡುತ್ತೆ, ಕಂಚು ಹಸಿರಾಗುತ್ತೆ, ಮಲೆನಾಡು ಕರಾವಳಿಯವರಿಗಂತೂ ಮಳೆಗಾಲದಲ್ಲಿ ಸಿಲಿಕಾ ಜೆಲ್ ಇಲ್ಲದೆ ಆಗಲ್ಲ. ವಾಸನೆ ಬರೋ ಮೆತ್ತನೆ ಪಿವಿಸಿ ಪಾಕೆಟ್ ಆಲ್ಬಂ ಬೇಡವೇ ಬೇಡ, ರಟ್ಟಿನ ಹೋಲ್ಡರ್ ಒಳ್ಳೇದು, ಸ್ಟೇಪಲ್ ಪಿನ್ನನ್ನ ಇಕ್ಕಳದಲ್ಲಿ ಚಪ್ಪಟೆ ಮಾಡಿ, ಇಲ್ಲಾಂದ್ರೆ ಪಕ್ಕದ ಕಾಸಿಗೆ ಗೀರು ಬೀಳುತ್ತೆ.

ಇನ್ನು ಬೆಲೆ. ಇವುಗಳಲ್ಲಿ ಬಹುಪಾಲು ಕೆಲವೇ ರೂಪಾಯಿಗೆ ಸಿಗೋವು. ಘೇಂಡಾಮೃಗದ ನಾಕಾಣೆಗೆ ಲಕ್ಷ ಕೊಡ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀಸು ಕಟ್ಟಿ ಅಂತ ಫೋನ್ ಬಂದ್ರೆ ಅದು ಮೋಸ, 2021ರಲ್ಲಿ ರಿಸರ್ವ್ ಬ್ಯಾಂಕೇ ಇಂಥವರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮನೇಲಿರೋ ವಯಸ್ಸಾದವರಿಗೆ ಇದನ್ನ ಬಿಡಿಸಿ ಹೇಳಿ, ದಯವಿಟ್ಟು.

ಈಗ ಇದೇ ಲಿಸ್ಟನ್ನ ಟಂಕಸಾಲೆವಾರು ಮಾಡ್ತಾ ಇದೀನಿ, ಇಸವಿಗೆ ಒಂದಲ್ಲ, ಆ ವರ್ಷ ಎಷ್ಟು ಟಂಕಸಾಲೆಯಲ್ಲಿ ಹೊಡೆದ್ರೋ ಅಷ್ಟೂ. 5 ಪೈಸೆಯಿಂದ ಶುರು ಮಾಡಿದೀನಿ, ಅಲ್ಯೂಮಿನಿಯಂದು 1967ರಿಂದ 1994ರವರೆಗೆ ಇರೋದ್ರಿಂದ ನೋಟ್‌ಬುಕ್ಕಲ್ಲಿ ಅದಕ್ಕೇ ಪುಟಗಳು ಬೇಕಾಗ್ತಿದೆ. ಹೈದರಾಬಾದ್ ನಕ್ಷತ್ರದ ಡೂಪ್ಲಿಕೇಟ್ ಇರೋರು ಹೇಳಿ, ಬದಲಿಗೆ ನನ್ನ ಹತ್ರ ಬಾಂಬೆವು ತುಂಬಾ ಇವೆ.